ನಿಂಬೆಹಣ್ಣು ಆರಿಸಿದ ಸೈಕಲ್ಲು

ಹೆದರಿಕೆಯವರು ಒಂದು ಮೂಲೆಯಲ್ಲಿ ತೆಪ್ಪಗೆ ಕೂತಿರುತ್ತಾರೆ ಅಂತ ಎಲ್ಲರೂ ತಿಳಿದಿದ್ದಾರೆ, ಮಕ್ಕಳೇ. ಹುಟ್ಟಿನಿಂದ ಹೆದರಿಕೆಯವಳಾಗಿ ನಾನು ಹೇಳುತ್ತೇನೆ, ಹೆದರಿದವರು ಮಾಡುವಷ್ಟು ಕಿತಾಪತಿಯನ್ನು ಧೈರ್ಯದವರು ಮಾಡುವುದಿಲ್ಲ. ಹಳ್ಳಿಯ ಶಾಲೆಯಲ್ಲಿ ಮೇಷ್ಟ್ರು ಹೆಸರು ಕೂಗಿದರೆ "ಹಾಜರ್" ಅನ್ನುವುದಕ್ಕೂ ನಾಚಿ ತಲೆ ತಗ್ಗಿಸುತ್ತಿದ್ದೆ. ಶಾಲೆಯಲ್ಲೇ ಕೂತಿದ್ದು ಎಷ್ಟೋ ದಿನ ಗೈರುಹಾಜರಾದವಳು ನಾನು. ಅಂಥವಳು ಶಿವಾಜಿನಗರದ ನಡುಬೀದಿಯಲ್ಲಿ ಒಂದು ಮೋಸ ಮಾಡಿದೆ. ನಿಮ್ಮ ಅಮ್ಮನಿಗೆ ಇದುವರೆಗೂ ಹೇಳಿಲ್ಲ.

ಆಗಿನ್ನೂ ನಿಮ್ಮ ಅಮ್ಮ ಸರಳಳಿಗೆ ಮದುವೆಯಾಗಿರಲಿಲ್ಲ. ನಿಮ್ಮ ತಾತ ತೀರಿಕೊಂಡ ಮೇಲೆ ಕಗ್ಗದಾಸಪುರದ ಮನೆಯಲ್ಲಿ ನಾವಿಬ್ಬರೇ. ಇಂದಿರಾನಗರದ ಲ್ಯಾಬೊಂದರಲ್ಲಿ ಅವಳಿಗೆ ರಕ್ತ ಪರೀಕ್ಷೆ ಮಾಡುವ ಕೆಲಸ. ಬೆಳಿಗ್ಗೆ ಏಳಕ್ಕೆಲ್ಲ ಜನ ಖಾಲಿ ಹೊಟ್ಟೆಯಲ್ಲಿ ಬಂದು ಕಾಯುತ್ತಿದ್ದರು. ಇವಳ ಬಸ್ಸು ರೈಲ್ವೆ ಗೇಟಿನಲ್ಲಿ ಕಾಯುತ್ತಿತ್ತು. ಹೀಗೇ ತಡವಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಅಂದರಂತೆ ಲ್ಯಾಬಿನವರು. "ಸೈಕಲ್ ತಗೋತೀನಮ್ಮ. ಗೇಟ್ ಬಿದ್ದಿದ್ರೆ ಕೆಳಗೆ ಬಗ್ಗಿಸ್ಕೊಂಡು ದಾಟ್ಬಿಡ್ತೀನಿ," ಅಂದಳು. ನನಗೆ ಧೈರ್ಯ ತುಂಬಲು ಆಡಿದ ಮಾತಂತೆ ಅದು. ಅವತ್ತು ನನಗೆ ಊಟ ಸೇರಲಿಲ್ಲ.

ಶಿವಾಜಿನಗರದಲ್ಲಿ ಅಜೀಜ್ ಭಾಯಿ ಅಂತ ಸೈಕಲ್ ಅಂಗಡಿಯವರು. ಎರಡು ಸೈಕಲ್ ಹೊರಗೆ ತಂದು ನಿಲ್ಲಿಸಿದರು. ಒಂದು ಮೌಂಟನ್ ಬೈಕಂತೆ, ಟಯರು ಹಲಸಿನ ಸಿಪ್ಪೆಯ ಹಾಗೆ ಮುಳ್ಳುಮುಳ್ಳು, ದಪ್ಪ. ಇನ್ನೊಂದು ರೇಸಿಂಗ್ ಸೈಕಲ್. ಹ್ಯಾಂಡಲ್ಲು ಟಗರಿನ ಕೊಂಬಿನಂತೆ ಬಾಗಿತ್ತು, ಟಯರೋ ನನ್ನ ಹೆಬ್ಬೆರಳಿನಷ್ಟು. ಸರಳಳ ಕಣ್ಣು ಅದರ ಮೇಲೇ. ಅಷ್ಟು ಸಣ್ಣ ಚಕ್ರದ ಮೇಲೆ ನನ್ನ ಮಗಳೇ?

"ದಪ್ಪಗಿರೋದೇ ಇರಲಿ," ಅಂತ ಅವಳ ಕಿವಿಯಲ್ಲಿ ಅಂದೆ.

ಅಜೀಜ್ ಭಾಯಿಗೆ ಕೇಳಿಸಿತು. "ಅಮ್ಮಾ, ಮನೆಯಿಂದ ಕೆಲಸಕ್ಕೆ ಪೂರಾ ಟಾರ್ ರೋಡೇ ಅಲ್ವಾ? ಸಣ್ಣ ಟಯರು ಹಗೂರ, ಬೆಣ್ಣೆ ಮಾಫಿಕ್ ಜಾರ್ಕೊಂಡು ಹೋಗ್ತದೆ. ಗುಡ್ಡ ಎಲ್ಲಿದೆ ಅಲ್ಲಿ?"

"ಗುಡ್ಡ ಇಲ್ಲ, ಹಳ್ಳ ಇದೆ," ಅಂದೆ. ಪರಪುರುಷರ ಎದುರು ಅಷ್ಟು ಉದ್ದದ ಮಾತು ಆಡಿದ್ದು ಅದೇ ಮೊದಲಿರಬೇಕು.

ಹೊಸ ಗಾಡಿ ಕೊಂಡ ಮೇಲೆ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹತ್ತಿಸುವುದು ನಮ್ಮಲ್ಲಿ ರೂಢಿ. ನಾನು ಕೊಳ್ಳುವ ಮುಂಚೆಯೇ ಇಟ್ಟೆ. "ಯಾವುದು ಒಡೆಯುತ್ತೋ ಅದು ನಿನಗೆ ಒಳ್ಳೇದು," ಅಂದೆ. ಸರಳ ನಕ್ಕಳು, ಆದರೆ ಬೇಡ ಅನ್ನಲಿಲ್ಲ. ದಪ್ಪ ಟಯರಿನ ಕೆಳಗೆ ಹಣ್ಣು ಪಚಕ್ಕೆಂದು ಒಡೆದು ರಸ ನನ್ನ ಸೀರೆಗೂ ಹಾರಿತು. ಸಣ್ಣ ಟಯರಿನ ಕೆಳಗಿಂದ ಇನ್ನೊಂದು ಜಾರಿ, ಉರುಳಿ, ಆಟೋ ಒಂದರ ಅಡಿ ಸೇರಿಕೊಂಡಿತು. ಸರಳಳ ನಗು ನಿಂತಿತು. ಮೌಂಟನ್ ಬೈಕೇ ಮನೆಗೆ ಬಂತು.

ಈಗ ನಿಜ ಹೇಳುತ್ತೇನೆ. ದಪ್ಪ ಟಯರಿಗೆ ಇಟ್ಟದ್ದು ಮೆತ್ತಗಿನ ಕಳಿತ ಹಣ್ಣು. ಸಣ್ಣದಕ್ಕೆ ಇಟ್ಟದ್ದು ಹಸಿರು ಕಾಯಿ. ಮನೆಯಲ್ಲಿ ಬುಟ್ಟಿಯೆಲ್ಲ ತಡಕಿ, ಒಂದೊಂದನ್ನೂ ಹಿಸುಕಿ ಆರಿಸಿದ್ದೆ.

ಮರುದಿನದಿಂದ ನಾನು ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು, ಈಗ ಗೇಟು ದಾಟಿದಳು, ಈಗ ಏರು ಹತ್ತಿದಳು ಅಂತ ಮನಸ್ಸಿನಲ್ಲೇ ಅವಳ ಜೊತೆ ತುಳಿಯುತ್ತಿದ್ದೆ. ನನ್ನ ಲೆಕ್ಕದಲ್ಲಿ ಬೇಗ ತಲುಪುತ್ತಿದ್ದಳು. ನಿಜದಲ್ಲಿ ಆ ಭಾರದ ಸೈಕಲ್ಲು ರೋಡಿಗೆ ಅಂಟಿಕೊಂಡು ಗುಂಯ್ ಅನ್ನುತ್ತಿತ್ತೇ ಹೊರತು ಮುಂದಕ್ಕೆ ಹೋಗುತ್ತಿರಲಿಲ್ಲ. ಮತ್ತೆ ತಡ, ಮತ್ತೆ ಬೈಗುಳ. ಒಂದು ಸಂಜೆ ಅವಳ ಮೀನಖಂಡಕ್ಕೆ ನಾನು ಎಣ್ಣೆ ತಿಕ್ಕುತ್ತಿದ್ದಾಗ ಮೆಲ್ಲಗೆ ಅಂದಳು: "ತಪ್ಪು ಸೈಕಲ್‌ದಲ್ಲಮ್ಮ. ನಂಗೇ ಶಕ್ತಿ ಇಲ್ಲ. ಕೆಲಸ ಬಿಟ್ಬಿಡ್ತೀನಿ."

ನನ್ನ ಕೈ ಅಲ್ಲೇ ನಿಂತಿತು. ಆಗಲೇ ಬಾಯಿ ಬಿಡಬೇಕಿತ್ತು. "ಅಂಗಡಿಯವರನ್ನ ಒಂದು ಮಾತು ಕೇಳೋಣ," ಅಂದೆ, ಅಷ್ಟೇ.

ಅಜೀಜ್ ಭಾಯಿ ರೇಸಿಂಗ್ ಸೈಕಲ್ ತಂದು ನಿಲ್ಲಿಸಿದರು, ಹಳೆಯದನ್ನು ವಾಪಸ್ಸು ಇಟ್ಟುಕೊಂಡರು. ನಾನು ಚೀಲಕ್ಕೆ ಕೈ ಹಾಕಿದೆ. "ನಿಮ್ದು ಚೀಲದಲ್ಲೇ ಇರಲಿ ಅಮ್ಮಾ," ಅಂದರು. ಪಕ್ಕದ ಜ್ಯೂಸ್ ಗಾಡಿಯಿಂದ ಒಂದು ನಿಂಬೆಹಣ್ಣು ತೆಗೆದು, ನನ್ನ ಮುಖ ನೋಡುತ್ತಲೇ ಹಿಸುಕಿದರು. "ಈ ಸಲ ನಾನು ಆರಿಸ್ತೀನಿ."

ಸಣ್ಣ ಟಯರಿನ ಕೆಳಗೆ ಹಣ್ಣು ಪಚಕ್ಕೆಂದಿತು. ಸರಳ ಹಿಂತಿರುಗಿ ನೋಡದೆ ಹಲಸೂರಿನ ಕಡೆ ಹೊರಟೇಬಿಟ್ಟಳು. ಬೆಣ್ಣೆ ಮಾಫಿಕ್ಕೇ ಹೋದಳು. ಅವಳ ಕೆಲಸ ಉಳಿಯಿತು.

ನಾನು ಬಸ್ಸು ಹತ್ತಿದೆ. ಕಿಟಕಿಯಿಂದ ಅವಳು ಕಾಣುತ್ತಾಳೇನೋ ಅಂತ ನೋಡಿ ನೋಡಿ ಸಾಕಾಗಿ, ಚೀಲದೊಳಗೆ ಕೈ ಹಾಕಿದೆ. ಬೆಳಿಗ್ಗೆ ಮನೆಯಲ್ಲಿ ಆರಿಸಿ ತಂದಿದ್ದ ನಿಂಬೆ ಹಾಗೇ ಇತ್ತು. ಹಿಸುಕಿ ನೋಡಿದೆ. ಹೋದ ಸಲದ ಹಸಿರು ಕಾಯಿಗಿಂತಲೂ ಗಟ್ಟಿಯಾಗಿತ್ತು.