ಕೆಂಪು ದೀಪ, ಹಸಿರು ದೀಪ ಮತ್ತು ನಮ್ಮ ಅಟ್ಟದ ಕಾಯಿ

ದಂಡಿನಶಿವರದ ಸುತ್ತಮುತ್ತ ನಮ್ಮ ಮನೆತನ ಗೊತ್ತಿಲ್ಲದವರಿಲ್ಲ. ಮಾವನವರ ಕಾಲದಲ್ಲಿ ಊರಿನ ನ್ಯಾಯ ತೀರುತ್ತಿದ್ದದ್ದು ನಮ್ಮ ಜಗಲಿಯ ಮೇಲೆ. ನಾನು ಕಲಿತದ್ದು ಕಾನ್ವೆಂಟಿನಲ್ಲಿ. ಅಲ್ಲಿ ಸಾಲು ತಪ್ಪಿ ನಿಂತರೂ ಕೇಳುವವರಿದ್ದರು. ಇಂಥ ನನಗೇ ಇಂಥವೆಲ್ಲ ಏಕೆ ಎದುರಾಗುತ್ತವೋ ತಿಳಿಯದು. ಕುಳಿತರೆ ಕೂರಲಾಗುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ತೆಂಗು ಬೆಳೆಗಾರರ ಸಂಘ ಒಂದು ಆ್ಯಪ್ ಮಾಡಿಸುತ್ತಿದೆ. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಿದ ಕಾಯಿಯನ್ನು ಫೋನಿನ ಹತ್ತಿರ ಅಲ್ಲಾಡಿಸಿದರೆ, ಒಳಗಿನ ಸದ್ದು ಕೇಳಿ ಕೊಬ್ಬರಿ ಆಗಿದೆಯೋ ಇಲ್ಲವೋ ಅದು ಹೇಳಬೇಕು. ಅದಕ್ಕೆ ಸದ್ದು ಕಲಿಸುವವಳು ತಿಪಟೂರಿನ ಒಬ್ಬ ಇಂಜಿನಿಯರ್ ಹುಡುಗಿ. ಅವಳ ಲ್ಯಾಪ್‌ಟಾಪಿನಲ್ಲಿ ಇನ್ನೊಂದು ತಂತ್ರಾಂಶವಿದೆ. ಆ್ಯಪ್‌ನಿಂದ ಯಾರಿಗೂ ಅನ್ಯಾಯವಾಗದಿರಲೆಂದು ಅದು ನೀತಿಯ ಪ್ರಶ್ನೆ ಕೇಳುತ್ತದೆ. ಉತ್ತರ ಸರಿಯಿದ್ದರೆ ಹಸಿರು ದೀಪ, ಇಲ್ಲದಿದ್ದರೆ ಕೆಂಪು. ಕೆಂಪು ಇದ್ದರೆ ಕೆಲಸ ಮುಂದೆ ಹೋಗದು. ಉತ್ತರಗಳನ್ನು ಒಪ್ಪಲು ಯಾರ ಮುಲಾಜಿಗೂ ಬೀಳದವರೊಬ್ಬರು ಬೇಕಿತ್ತು. ಸಂಘದ ಅಧ್ಯಕ್ಷರು ನೇರವಾಗಿ ನಮ್ಮ ಮನೆಗೆ ಬಂದರು.

೧. ಯಾರಿಗೆ ಹಾನಿ?

ಸಂಘದ ಸಭೆಯಲ್ಲಿ ಬಂದ ಮೊದಲ ಪ್ರಶ್ನೆ: ಈ ಆ್ಯಪ್‌ನಿಂದ ಯಾರಿಗೆ ಹಾನಿಯಾಗಬಹುದು?

"ಯಾರ್ಗೂ ಇಲ್ಲ ಅಂತ ಹಾಕ್ಬುಡಿ ಕಣಮ್ಮ," ಎಂದರು ಅಧ್ಯಕ್ಷರು. ಕೆಂಪು ದೀಪ.

"ಯೋಚಿಸಿ ಹೇಳಿ," ಎಂದೆ.

ಊರಿಗೆಲ್ಲ ಕಾಯಿ ಅಲ್ಲಾಡಿಸಿ ನೋಡಿಕೊಡುವ ಅಜ್ಜ ಎದ್ದರು. "ನಂಗೇ ಕಣವ್ವ. ಕರೆದ ಮನೇಲೆಲ್ಲ ಕಾಫಿ ಕೊಡ್ತಿದ್ರು. ಫೋನೇ ಹೇಳೋದಾದ್ರೆ ನನ್ ಕಾಫಿ ಹೋಯ್ತು."

ಅದನ್ನೇ ಬರೆಸಿದೆ. ಪರಿಹಾರವೇನು ಎಂದು ತಂತ್ರಾಂಶ ಕೇಳಿತು. ಆ್ಯಪ್ ಬಳಸುವ ಮನೆಯವರು ಅಜ್ಜನಿಗೆ ಕಾಫಿ ಕೊಡತಕ್ಕದ್ದು ಎಂದು ತೀರ್ಮಾನ ಹೇಳಿದೆ. ಹಸಿರು ದೀಪ ಬಂತು.

ಈಗ ಯಾರಾದರೂ ಮಗಳಿಗೆ ಫೋನ್ ಮಾಡಲು ಮೊಬೈಲ್ ತೆಗೆದರೂ ಅಜ್ಜ ಹೊಸ್ತಿಲಲ್ಲಿ ನಿಂತಿರುತ್ತಾರೆ.

೨. ಕೆಟ್ಟ ಕಾಯಿ

ಎಲ್ಲರೂ ತಮ್ಮ ಅಟ್ಟದ ಕಾಯಿಯ ಸದ್ದನ್ನು ಫೋನಿನಲ್ಲಿ ಹಿಡಿದು ಕಳಿಸಿದರು. ಮತ್ತೆ ಕೆಂಪು. ಎಲ್ಲವೂ ಒಳ್ಳೆಯ ಕಾಯಿಯ ಸದ್ದೇ; ಕೆಟ್ಟದ್ದನ್ನು ಕೇಳದ ಯಂತ್ರ ಎಲ್ಲವನ್ನೂ ಒಳ್ಳೆಯದೆಂದೇ ಹೇಳುತ್ತದಂತೆ.

"ಕೆಟ್ಟ ಕಾಯಿ ಕೊಡಿ," ಎಂದು ಮನೆಮನೆಗೆ ಹೋದೆ.

"ನಮ್ಮನೇಲಿ ಎಲ್ಲೈತೆ ಕಣ್ರೀ? ಪಕ್ಕದ ಮನೇಲಿ ಕೇಳಿ."

ಪಕ್ಕದ ಮನೆಯವಳು ಅದರ ಪಕ್ಕದ ಮನೆ ತೋರಿಸಿದಳು. ಊರು ಮುಗಿಯಿತು, ಕೆಟ್ಟ ಕಾಯಿ ಸಿಗಲಿಲ್ಲ. ಕೊನೆಗೆ, ಯಾರ ಹೆಸರೂ ಬೇಡ, ಸುಮ್ಮನೆ ತಂದಿಡಿ ಎಂದು ಹೇಳಿಸಿದೆ.

ಮಾರನೆಯ ಬೆಳಗ್ಗೆ ನಮ್ಮ ಜಗಲಿಯ ಮೇಲೆ ಕೆಟ್ಟ ಕಾಯಿಯ ರಾಶಿ. ರಸ್ತೆಯಲ್ಲಿ ಹೋಗುತ್ತಿದ್ದವರೊಬ್ಬರು ನಿಂತು, "ಅಯ್ಯೋ, ದೊಡ್ಮನೆ ಕಾಯಿ ಈ ವರ್ಸ ಹಿಂಗಾ?" ಎಂದು ಮರುಗಿ ಹೋದರು.

೩. ಒಪ್ಪಿಗೆ

ಮೂರನೆಯ ಸಲ ಕೆಂಪು ಬಂದದ್ದು ಕಾಯಿಯ ಸದ್ದಿನ ಜೊತೆ ಮನುಷ್ಯರ ದನಿಯೂ ಸೇರಿದ್ದಕ್ಕೆ. ಯಾರ ದನಿಯೋ ಅವರ ಒಪ್ಪಿಗೆ ಬೇಕು. ನಾನು ಖಡಾಖಂಡಿತವಾಗಿ ನಿಯಮ ಮಾಡಿಸಿದೆ: ದನಿಯ ಒಡೆಯರು ಬೇಡವೆಂದರೆ ಅಳಿಸಬೇಕು, ಸರಿಯೆಂದರೆ ಇನ್ನೊಬ್ಬರು ಅದನ್ನು ಮುಟ್ಟಕೂಡದು. ತಂತ್ರಾಂಶದಲ್ಲಿ ಅದಕ್ಕೆ ಬೀಗವನ್ನೂ ಹಾಕಿಸಿದೆ.

ಸಭೆಯಲ್ಲಿ ಒಂದೊಂದಾಗಿ ಕೇಳಿಸಿದರು. ನಮ್ಮ ಅಟ್ಟದ ಸರದಿ ಬಂತು. ಗುಡುಗುಡು ಎಂದು ನಾನು ಅಲ್ಲಾಡಿಸಿದ ಕಾಯಿಯ ಸದ್ದು. ಹಿಂದೆಯೇ ಒಂದು ಗಂಡಸಿನ ದನಿ:

"ಸಾಕು ಇಳಿಯೇ. ಅದು ಸರಿಯಾಗೇ ಅಲ್ಲಾಡ್ತೈತೆ. ನಿನ್ ಕೈಗೆ ಸಿಕ್ರೆ ಕಾಯಲ್ಲೂ ಸ್ಪೆಲಿಂಗ್ ತಪ್ಪು ಹುಡುಕ್ತೀಯ."

ಅಜ್ಜ ಕಾಫಿ ಲೋಟ ಕೆಳಗಿಟ್ಟರು.

"ಇದು ಯಾರ ದನಿ ಮೇಡಂ?" ಎಂದಳು ಹುಡುಗಿ.

ಹಿಂದಿನ ಬೆಂಚಿನಿಂದ ನಮ್ಮ ಯಜಮಾನರು ಕೈ ಎತ್ತಿದರು. "ನಂದೇ ಕಣಮ್ಮ. ಪೂರ್ತಿ ಒಪ್ಪಿಗೆ ಐತೆ, ಹಾಕ್ಕೋ."

ಹಸಿರು ದೀಪ ಬಂತು.

"ಅಳಿಸು," ಎಂದೆ.

"ಆಗಲ್ಲ ಮೇಡಂ, ನೀವೇ ಬೀಗ ಹಾಕ್ಸಿದ್ದು."

"ಆಡಿದ್ದು ನನ್ನ ಬಗ್ಗೆ. ನನ್ನ ಒಪ್ಪಿಗೆ ಬೇಡವೇ?"

"ಇದರಲ್ಲಿ ನಿಮ್ಮ ದನಿ ಇಲ್ವಲ್ಲ ಮೇಡಂ. ನೀವು ಮಾತೇ ಆಡಿಲ್ಲ."

"ಅದೊಂದ್ಸಲ ಸುಮ್ನಿದ್ಲು," ಎಂದರು ಯಜಮಾನರು. ಅಧ್ಯಕ್ಷರು ಶಲ್ಯದಲ್ಲಿ ಮುಖ ಮುಚ್ಚಿಕೊಂಡರು. ಅವರ ಭುಜ ಮಾತ್ರ ಕುಣಿಯುತ್ತಿತ್ತು.

ಇದರಲ್ಲಿ ನಗುವಂಥದ್ದು ಏನೂ ಇಲ್ಲ. ನಮ್ಮ ಮನೆಯ ಹೆಂಗಸರನ್ನು ಸಭೆಯಲ್ಲಿ ಯಾರೂ ಹೀಗೆ ಅಂದದ್ದಿಲ್ಲ. ನಿಯಮ ನನ್ನದು, ಅದನ್ನು ನಾನು ಮುರಿಯುವುದಿಲ್ಲ. ಆದರೆ ಯಜಮಾನರು ಮುಂದಿನ ಸಭೆಯಲ್ಲಿ ಎಲ್ಲರೆದುರು ಎದ್ದು ನಿಂತು ನನ್ನ ಕ್ಷಮೆ ಕೇಳಬೇಕು.