ಇಟಾಲಿಯನ್ ಕ್ರಿಯಾಪದಕ್ಕೆ ರೊಟ್ಟಿಯ ಪೆಟ್ಟು

ಊರಿನಲ್ಲಿ ಇನ್ನಾರಿಗೂ ಬಾರದ, ಯಾವ ಉಪಯೋಗಕ್ಕೂ ಇಲ್ಲದ ವಿದ್ಯೆಯೊಂದು ನಮಗೆ ಬಂದರೆ ಅದರ ಹೆಮ್ಮೆಯೇ ಬೇರೆ. ನಿಜಾಮರ ಕಾಲದ ಗಂಗಾವತಿಯಲ್ಲಿ ಕನ್ನಡ ಮಾಸ್ತರನಾಗಿದ್ದ ನನಗೆ ಅಂಥದೊಂದಿತ್ತು: ಇಟಾಲಿಯನ್ ಭಾಷೆ. ಕಲಿಸಿದವರು ಆ ದೇಶದ ಒಬ್ಬ ಪಾದ್ರಿ. ದಿನಾ ಬೆಳಿಗ್ಗೆ ನಮ್ಮ ಪಡಸಾಲೆಗೆ ಬಂದು ನನ್ನಿಂದ ಕನ್ನಡ ಕಲಿಯುತ್ತಿದ್ದರು, ಬದಲಿಗೆ ತಮ್ಮ ವ್ಯಾಕರಣದ ಪುಸ್ತಕ ಓದಲು ಕೊಟ್ಟಿದ್ದರು. ಅವರು ಊರು ಬಿಡುವ ಮುನ್ನ ನನಗೊಂದು ಪರೀಕ್ಷೆ. ಒಂದು ಕ್ರಿಯಾಪದದ ಆರೂ ರೂಪಗಳನ್ನು ತಪ್ಪಿಲ್ಲದೆ ಹೇಳಿದರೆ ಪುಸ್ತಕ ನನ್ನದೇ. ನಾನೋ, ಅದು ಆಗಲೇ ನನ್ನದೆಂದು ಶಾಲೆಯಲ್ಲೆಲ್ಲ ಸಾರಿ, ಅದಕ್ಕೊಂದು ಬಟ್ಟೆಯ ಹೊದಿಕೆಯನ್ನೂ ಹೊಲಿಸಿಬಿಟ್ಟಿದ್ದೆ.

ಅಕ್ಷರ ಬಿಡಿಸುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಷಟ್ಪದಿಗೆ ಲಘು ಗುರು ಹಾಕಿ ಪಳಗಿದ ಕೈ! ಪರೀಕ್ಷೆಗಿದ್ದದ್ದು 'ಮಾತಾಡು' ಎಂಬ ಕ್ರಿಯಾಪದ. ಪಾರ್-ಲಾ-ತೆ ಎಂದರೆ ನೀವು ಮಾತಾಡುತ್ತೀರಿ, ಪಾರ್-ಲ-ನೊ ಎಂದರೆ ಅವರು ಮಾತಾಡುತ್ತಾರೆ. ಎರಡಕ್ಕೂ ಮೂರೇ ತುಂಡು. ಆದರೆ ಒತ್ತು ಮೊದಲನೆಯದರಲ್ಲಿ ನಡುವೆ, ಎರಡನೆಯದರಲ್ಲಿ ಆರಂಭದಲ್ಲೇ ಬೀಳಬೇಕು. ನನ್ನ ನಾಲಿಗೆ ಎರಡನ್ನೂ ನಡುವೆಯೇ ಗುದ್ದುತ್ತಿತ್ತು.

"ಪಾದ್ರಿಯವ್ರು ಹಂಗ ಅನ್ನಂಗಿಲ್ರಿ," ಎಂದು ಒಲೆಯ ಮುಂದಿನಿಂದ ಹೆಂಡತಿ ಶಾಂತವ್ವ ಹೇಳುತ್ತಿದ್ದಳು. "ಮೊದಲಿಗೆ ಜೋರ್ ಹಾಕಿ, ಆಮ್ಯಾಲ ಹಗೂರ ಬಿಡ್ತಾರ."

"ಒಂದಕ್ಷರ ಬಾರದ ನಿನಗೇನ್ ತಿಳಿತೈತಿ? ರೊಟ್ಟಿ ನೋಡು, ಹೊತ್ತಾಕತ್ತೈತಿ."

ಪರೀಕ್ಷೆಯ ದಿನ ಪಾದ್ರಿ ಪಡಸಾಲೆಯಲ್ಲಿ ಕೂತರು. ಐದು ರೂಪ ಸರಾಗವಾಗಿ ಹೋದವು. ಆರನೆಯದು ಪಾರ್ಲನೊ; ನಾಲಿಗೆ ಮತ್ತೆ ನಡುವೆಯೇ ಗುದ್ದಲು ಹೊರಟಿತು. ಆಗ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ಬದಲಾಯಿತು. ಧಪ್, ತಟ, ತಟ. ಇನ್ನೊಮ್ಮೆ, ಧಪ್, ತಟ, ತಟ. ನಾನು ಕಣ್ಣು ಮುಚ್ಚಿ ಆ ಪೆಟ್ಟಿಗೆ ಸರಿಯಾಗಿ ಪಾರ್ಲನೊ ಅಂದುಬಿಟ್ಟೆ.

ಪಾದ್ರಿ ನಕ್ಕರು. "ಮಾಸ್ತರ್ರ, ಪಾಸಾಗಿದ್ದು ನಿಮ್ಮ ಬಾಯಿ ಅಲ್ರಿ, ಒಳಗಿನ ಕೈ," ಎಂದವರೇ ಪುಸ್ತಕವನ್ನು ಶಾಂತವ್ವನ ಹಿಟ್ಟಿನ ಕೈಗೇ ಕೊಟ್ಟರು.

ಒಂದು ಗಳಿಗೆ ನನ್ನ ಮುಖ ಸಣ್ಣದಾಯಿತು, ಸುಳ್ಳೇಕೆ ಹೇಳಲಿ? ಮರುಗಳಿಗೆ ಹೆಮ್ಮೆ ಉಕ್ಕಿ ಬಂತು. ಗಂಗಾವತಿ ಇರಲಿ, ಅತ್ತ ಕುಷ್ಟಗಿಯವರೆಗೆ ಹುಡುಕಿದರೂ ಇಟಾಲಿಯನ್ ಒತ್ತು ಬಲ್ಲ ಹೆಂಗಸು ಇನ್ನಾರ ಮನೆಯಲ್ಲಿದ್ದಾಳೆ? ಪುಸ್ತಕ ಅವಳ ಸೀರೆಯ ಪೆಟ್ಟಿಗೆ ಸೇರಿತು. ನಾನು ಮಾತ್ರ ಕಂಡಕಂಡವರಿಗೆಲ್ಲ ಅವಳ ವಿದ್ಯೆಯನ್ನು ಇಂದಿಗೂ ಹೊಗಳುತ್ತೇನೆ. "ಯಾರ್ ಕಲಿಸಿದ್ರಿ?" ಎಂದು ಅವರು ಕೇಳಿದಾಗ ವಿನಯದಿಂದ ತಲೆ ತಗ್ಗಿಸುತ್ತೇನೆ. ತಪ್ಪು ತಿಳಿದುಕೊಳ್ಳುವುದು ಅವರಿಗೆ ಬಿಟ್ಟದ್ದು.