ಮಗಳ ನರಗಳನ್ನು ನಾನು ತಿದ್ದಿದ್ದು

ನೂಲಿನ ವಿಷಯದಲ್ಲಿ ನನಗೆ ಬುದ್ಧಿ ಹೇಳುವ ಮನುಷ್ಯ ರಬಕವಿಯಲ್ಲಿ ಇನ್ನೂ ಹುಟ್ಟಿಲ್ಲ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ಮಗ್ಗಕ್ಕೆ ಕೂತವನು ನಾನು. ನಾನು ನೇಯ್ದ ಸೀರೆಯಲ್ಲಿ ಒಂದೇ ಒಂದು ಎಳೆ ದಾರಿ ತಪ್ಪಿದ್ದನ್ನು ತೋರಿಸಿರಿ, ಮೀಸೆ ಬೋಳಿಸುತ್ತೇನೆ!

ಮಗಳು ಸವಿತಾ ಬಿ.ಎಡ್. ಓದುತ್ತಾಳೆ. ಪರೀಕ್ಷೆಗೆಂದು ಜಮಖಂಡಿಯ ಹೈಸ್ಕೂಲೊಂದರಲ್ಲಿ ಪಾಠ ಮಾಡಿ ತೋರಿಸಬೇಕಿತ್ತು. ಅದು ಕೆಟ್ಟರೆ ವರ್ಷವೇ ಹೋದಂತೆ. ವಿಷಯ, ತಾಯಿಯ ಹೊಟ್ಟೆಯಲ್ಲಿರುವ ಕೂಸಿನ ಕಣ್ಣಿನಿಂದ ನರದ ಎಳೆಗಳು ಮೆದುಳಿಗೆ ದಾರಿ ಹುಡುಕಿಕೊಂಡು ಹೋಗುವ ಬಗೆ. ಹಲಗೆಯ ಮೇಲೆ ಎರಡು ಕಣ್ಣು, ಒಂದು ಮೆದುಳು ಬರೆದು, ನಡುವೆ ನಮ್ಮ ಮನೆಯ ನೂಲನ್ನೇ ಅಂಟಿಸಿದ್ದಳು.

"ಇವನ್ನ ಎಳ್ಯಾವ್ರು ಯಾರು?" ಎಂದೆ.

"ಯಾರೂ ಇಲ್ರಿ ಅಪ್ಪಾ. ಎಳಿ ತಾನ ಬೆಳಕೋತ ಹೋಗ್ತೈತಿ. ತುದಿಗೆ ಅಂಗೈಯಂಥಾದ್ದು ಇರ್ತೈತಿ, ಅದು ದಾರಿ ತಡವಿ ನೋಡ್ತೈತಿ. ದಾರ್ಯಾಗ ಇರೂ ಕೆಲವು ರಸ 'ಬಾ' ಅಂತಾವು, ಕೆಲವು 'ಅತ್ತಾಗ ಸರಿ' ಅಂತಾವು."

ನನ್ನ ಪಿತ್ತ ನೆತ್ತಿಗೇರಿತು. ಮೂವತ್ತು ವರ್ಷದಲ್ಲಿ ಒಂದು ಎಳೆಯೂ ತಾನಾಗಿ ಗೇಣು ದೂರ ಹೋದದ್ದನ್ನು ನಾನು ಕಂಡಿಲ್ಲ. ಹೋಗುವುದಿದ್ದರೆ ನಾನೇಕೆ ಬೆನ್ನು ಮುರಿದುಕೊಳ್ಳುತ್ತಿದ್ದೆ?

ಪರೀಕ್ಷೆಯ ದಿನ ಬೆಳಿಗ್ಗೆ ಅವಳು ಜಳಕಕ್ಕೆ ಹೋದಾಗ ಹಲಗೆಯನ್ನು ಕೂಲಂಕಷವಾಗಿ ಪರಿಶೀಲಿಸಿದೆ. ಪ್ರತಿ ಎಳೆಯ ತುದಿಯೂ ಬಿಚ್ಚಿ ಹರಡಿತ್ತು. ಅದಕ್ಕಿಂತ ದೊಡ್ಡ ಅನಾಹುತ, ನಡುವೆ ಅರ್ಧ ಎಳೆಗಳು ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ ದಾಟಿದ್ದವು. ನೇಕಾರನ ಮಗಳ ಕೈಯಲ್ಲಿ ಎಳೆಗಳು ಒಂದರ ಮೇಲೊಂದು ಕತ್ತರಿ ಬೀಳುವುದೆಂದರೇನು?

"ರೀ, ಅಕಿ ಪರೀಕ್ಷಾದ ಸಾಮಾನ ಮುಟ್ಟಬ್ಯಾಡ್ರಿ," ಎಂದಳು ಹೆಂಡತಿ.

"ನೀ ಸುಮ್ನ ಕುಂದ್ರ. ಊರ ಮುಂದ ಮನಿ ಮಾನ ಹೋಗ್ತೈತಿ!"

ಹರಡಿದ ತುದಿಗಳನ್ನು ಕತ್ತರಿಸಿ, ಗಂಜಿ ಹಚ್ಚಿ ಹೊಸೆದೆ. ದಾಟಿದ ಎಳೆಗಳನ್ನು ಕಿತ್ತು, ಬಲಗಣ್ಣಿನವನ್ನು ಬಲಕ್ಕೆ, ಎಡಗಣ್ಣಿನವನ್ನು ಎಡಕ್ಕೆ ನೆಟ್ಟಗೆ ಅಂಟಿಸಿದೆ. ಮೇಲೆ ಟವೆಲ್ಲು ಸುತ್ತಿದೆ. ಹಲಗೆ ಹೊರುವ ನೆಪದಲ್ಲಿ ಜೊತೆಗೂ ಹೋಗಿ, ತರಗತಿಯ ಕೊನೆಯ ಬೆಂಚಿನಲ್ಲಿ ಕೂತೆ.

ಸವಿತಾ ಟವೆಲ್ಲು ತೆಗೆದು, ಮಕ್ಕಳ ಕಡೆಗೇ ಮುಖಮಾಡಿ, "ಎಳೆಯ ತುದಿಯಲ್ಲಿ ಹರಡಿದ ಅಂಗೈ ನೋಡಿರಿ" ಎಂದಳು. ಅಂಗೈ ಇರಲಿಲ್ಲ. "ಇಲ್ಲಿ ಅರ್ಧ ಎಳೆಗಳು ಆ ಕಡೆ ದಾಟುತ್ತವೆ" ಎಂದಳು. ಒಂದೂ ದಾಟಿರಲಿಲ್ಲ! ಮಕ್ಕಳು ಮುಸಿಮುಸಿ ನಕ್ಕಾಗ ತಿರುಗಿ ನೋಡಿದಳು. ಮುಖ ಬಿಳಚಿಕೊಂಡಿತು.

ಪರೀಕ್ಷಕಿ ಮೇಡಂ ಪೆನ್ನು ಎತ್ತಿದರು. "ಇದನ್ನ ಯಾರ್ ಮಾಡ್ಯಾರ?"

ಕೊನೆಯ ಬೆಂಚಿನಿಂದ ನಾನು ಎದ್ದು ನಿಂತೆ. "ತಪ್ಪು ಅಕೀದ್ರಿ. ತಿದ್ದಿದಾಂವ ನಾ!"

"ಅರ್ಧ ಎಳಿ ದಾಟಬೇಕ್ರಿ ಯಜಮಾನ್ರ. ಎರಡೂ ಕಣ್ಣು ಕಂಡದ್ದು ಒಂದ ಕಡಿ ಕೂಡೂದು ಹಂಗ."

"ದಾಟಾಕ ಅವಕ್ಕ ಪರವಾನಗಿ ಕೊಟ್ಟಾವ್ರು ಯಾರ್ರಿ?"

ಮಕ್ಕಳು ಬಿದ್ದು ಬಿದ್ದು ನಕ್ಕರು. ಮೇಡಂ ನಗಲಿಲ್ಲ. ಅರ್ಧ ಗಂಟೆಯೊಳಗೆ ಹಲಗೆ ಸರಿಮಾಡಿ ಪಾಠ ಮೊದಲಿನಿಂದ ಮಾಡಬೇಕು, ಇಲ್ಲದಿದ್ದರೆ ಫೇಲು ಎಂದರು.

ಸವಿತಾಳ ಕಣ್ಣು ತುಂಬಿತ್ತು. "ಅಪ್ಪಾ, ಬಿಚ್ರಿ ಅವನ್ನ."

ನೂಲು ಕೆಡಿಸಿದವರನ್ನು ಮಗ್ಗದಿಂದ ಎಬ್ಬಿಸಿ ಕಳಿಸುವ ನಾನು, ಶಾಲೆಯ ನೆಲದ ಮೇಲೆ ಕೂತು ಒಂದೊಂದೇ ತುದಿಯನ್ನು ಉಗುರಿನಿಂದ ಕೆಡಿಸಿದೆ! ಗಂಜಿ ಕಲ್ಲಾಗಿತ್ತು. ಇಷ್ಟು ಗಟ್ಟಿ ಗಂಜಿ ಹಚ್ಚಿದವನನ್ನು ಬೈಯೋಣವೆಂದರೆ ಅವನು ನಾನೇ! ಎಳೆಗಳನ್ನು ಅವಳು ಹೇಳಿದಂತೆ ದಾಟಿಸಿದೆ. ಹಲ್ಲು ಕಡಿಯುತ್ತ ದಾಟಿಸಿದೆ.

ಎರಡನೆಯ ಸಲ ಅವಳು ಎಲ್ಲೂ ತಡವರಿಸಲಿಲ್ಲ. ನಡುವೆ ಎರಡು ಸಲ ನಾನು ಎದ್ದು ಸಲಹೆ ಕೊಡಲು ಹೋದೆ. ಎರಡೂ ಸಲ ಮೇಡಂ ಕೈಸನ್ನೆ ಮಾಡಿ ಕೂರಿಸಿದರು.

ಸಂಜೆ ಸವಿತಾ ಅಂಕದ ಹಾಳೆಯನ್ನು ಮನೆಗೆ ತಂದಳು. ಪಾಸು! ಕೆಳಗೆ ಮೇಡಂ ಬರೆದಿದ್ದರು: "ಪಾಠ ಉತ್ತಮ. ತರಗತಿಯ ಶಿಸ್ತೂ ಉತ್ತಮ, ಕೊನೆಯ ಬೆಂಚಿನ ಒಬ್ಬ ವಿದ್ಯಾರ್ಥಿಯನ್ನು ಬಿಟ್ಟು."

ಹೆಂಡತಿ ಅದನ್ನು ನನ್ನಿಂದಲೇ ಎರಡು ಸಲ ಓದಿಸಿದಳು.